ಹವಾಮಾನ ಕೇಂದ್ರ ಇರುವ ಜಾಗದಿಂದ ತಾಪಮಾನದ ದಾಖಲೆ ಎಷ್ಟು ಬದಲಾಗುತ್ತದೆ?

ತುಂಬಾ ಬದಲಾಗುತ್ತದೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಹತ್ತಿರ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಅಂದರೆ ಇವೆರಡರ ನಡುವೆಯೇ 5 ಡಿಗ್ರಿಯಷ್ಟು ವ್ಯತ್ಯಾಸ. ಎತ್ತರ ಬಿಟ್ಟರೂ ಸುತ್ತಮುತ್ತಲಿನ ನೆಲ ಮುಖ್ಯ. ಬಯಲಿನ ಹುಲ್ಲಿನ ಮೇಲೆ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇರಬೇಕು ಅನ್ನೋದು ನಿಯಮ. ಕಾಫಿ ಒಣಗಿಸುವ ಸಿಮೆಂಟ್ ಕಣದ ಪಕ್ಕ ಇಟ್ಟರೆ ಸಂಜೆಯಾದರೂ ಬಿಸಿ ಜಾಸ್ತಿ ತೋರಿಸುತ್ತದೆ. ಕಣಿವೆಯ ಗದ್ದೆಯಲ್ಲಿಟ್ಟರೆ, ಗಾಳಿಯಿಲ್ಲದ ಜನವರಿ ರಾತ್ರಿ ತಣ್ಣನೆ ಗಾಳಿ ಇಳಿಜಾರಿನಿಂದ ಹರಿದು ಬಂದು ಅಲ್ಲೇ ನಿಲ್ಲುವುದರಿಂದ, ಮೇಲಿನ ತೋಟಕ್ಕಿಂತ ಚಳಿ ಜಾಸ್ತಿ ದಾಖಲಾಗುತ್ತದೆ.

ನನಗೆ ಹೆಚ್ಚು ಚಿಂತೆ ಆಗೋದು ಜಾಗ ಬದಲಾದಾಗ. ಒಂದೇ ಕಡೆ ಇದ್ದು ಯಾವಾಗಲೂ 1 ಡಿಗ್ರಿ ಜಾಸ್ತಿ ತೋರಿಸಿದರೂ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಸರಿಯಾಗಿಯೇ ಸಿಗುತ್ತದೆ, ಅಲ್ವಾ? ಕೇಂದ್ರವನ್ನು ಬೇರೆಡೆ ಸಾಗಿಸಿದರೆ ದಾಖಲೆಯಲ್ಲಿ ಸುಳ್ಳು ಜಿಗಿತ ಬರುತ್ತದೆ. ಸುತ್ತ ಕಟ್ಟಡ ಎದ್ದರೆ ನಿಧಾನಕ್ಕೆ ಸುಳ್ಳು ಏರಿಕೆ. ಅದನ್ನು ಹಿಡಿಯಲು ಹಾಸನದಂಥ ನೆರೆಯ ಊರಿನ ದಾಖಲೆ ಜೊತೆ ಹೋಲಿಸಬೇಕು: ಅಲ್ಲಿಲ್ಲದ ಜಿಗಿತ ಇಲ್ಲಿ ಮಾತ್ರ ಇದ್ದರೆ ಅನುಮಾನ ಪಡಲೇಬೇಕು. ಜಾಗ ಬದಲಿಸುವಾಗ ಹಳೆಯ ಉಪಕರಣವನ್ನೂ ಕೆಲಕಾಲ ಜೊತೆಗೇ ನಡೆಸಿದರೆ ಎಷ್ಟು ತಿದ್ದಬೇಕು ಅಂತ ಗೊತ್ತಾಗುತ್ತದೆ.