ಚಳಿಗಾಲದ ದಪ್ಪ ಉಡುಪಿನೊಂದಿಗೆ ನಾಜೂಕಾದ ಲೇಸ್ ತೊಡುವುದು ಹೇಗೆ?

ಜನವರಿಯಲ್ಲಿ ಓದಿಗಾಗಿ ಮ್ಯಾಂಚೆಸ್ಟರಿಗೆ ಹೊರಟಿರುವ ನೀವು, ಅಜ್ಜಿ ಹತ್ತಿ ದಾರದಲ್ಲಿ ಹೆಣೆದುಕೊಟ್ಟ ಕ್ರೋಶಾ ಕಾಲರ್, ನೈಲಾನ್ ಲೇಸಿನ ಒಂದು ಸ್ಕಾರ್ಫ್ ಮತ್ತು ಒಂದು ಜೊತೆ ಕಪ್ಪು ಲೇಸ್ ಕೈಗವಸುಗಳನ್ನು ಅಲ್ಲಿನ ಕೋಟು, ಸ್ವೆಟರುಗಳ ಜೊತೆ ವೇಷ ಹಾಕಿದಂತೆ ಕಾಣದ ಹಾಗೆ ತೊಡುವುದು ಹೇಗೆ ಎಂದು ಕೇಳಿದ್ದೀರಿ. ನಾನು ಧಾರವಾಡದವಳು, ನಾಟಿಂಗ್‌ಹ್ಯಾಮಿನಲ್ಲಿ ಇದು ನನಗೆ 11ನೆಯ ಚಳಿಗಾಲ. ಯಂತ್ರದ ಲೇಸಿಗೆ ಒಂದು ಕಾಲಕ್ಕೆ ಹೆಸರಾಗಿದ್ದ ಈ ಊರಿನಲ್ಲಿ ಲೇಸ್ ಮಾರ್ಕೆಟ್ ಎಂಬ ಹಳೆಯ ಭಾಗ ಇಂದಿಗೂ ಇದೆ. ಬಂದ ಹೊಸತರಲ್ಲಿ ಅಲ್ಲಿ ಅಡ್ಡಾಡುತ್ತಲೇ ನನಗೆ ಲೇಸಿನ ಹುಚ್ಚು ಹತ್ತಿತು, ಆ ಹುಚ್ಚಿನಲ್ಲಿ ಮೂರು ಒಳ್ಳೆಯ ವಸ್ತುಗಳನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡೆ. ಕೆಳಗೆ ಬರೆದಿರುವುದರಲ್ಲಿ ಅರ್ಧ ಹೀಗೆ ಕಲಿತದ್ದು.

ಮೊದಲು ಹವೆಯ ವಿಷಯ. ಮ್ಯಾಂಚೆಸ್ಟರಿನ ಚಳಿಗಾಲದಲ್ಲಿ ಹಿಮ ಬೀಳುವ ದಿನಗಳು ಕಡಿಮೆ. ಹೆಚ್ಚಿನ ದಿನಗಳಲ್ಲಿ 2ರಿಂದ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು, ಗಾಳಿ ಮತ್ತು ಬಿಟ್ಟೂ ಬಿಡದ ಜಿನುಗು ಮಳೆ. ಹತ್ತಿಯ ಲೇಸ್ ಒಮ್ಮೆ ನೆನೆದರೆ ಬೇಗ ಒಣಗದೆ ಕತ್ತಿಗೆ ತಣ್ಣಗೆ ಅಂಟಿಕೊಂಡಿರುತ್ತದೆ. ಆದರೆ ತರಗತಿ, ಗ್ರಂಥಾಲಯ, ಉಪಾಹಾರಗೃಹಗಳೆಲ್ಲ ಬೆಚ್ಚಗಿರುವುದರಿಂದ ಬಾಗಿಲು ದಾಟಿದೊಡನೆ ಎಲ್ಲರೂ ಕೋಟು ಕಳಚುತ್ತಾರೆ, ದಿನದ ಬಹುಪಾಲು ನಿಮ್ಮನ್ನು ಜನ ನೋಡುವುದು ಸ್ವೆಟರಿನಲ್ಲಿಯೇ. ಆದ್ದರಿಂದ ಲೇಸನ್ನು ಕೋಟಿಗೆ ಹೊಂದಿಸುವ ಚಿಂತೆ ಬಿಟ್ಟು, ಕೋಟಿನ ಒಳಗಿನ ಉಡುಪಿಗೆ ಹೊಂದಿಸಿಕೊಳ್ಳುವುದು ಮೇಲು. ಹತ್ತಿ ತುಂಬಿದ ದಿಂಬಿನಂತೆ ಉಬ್ಬಿರುವ, ಹೊಳೆಯುವ ನೈಲಾನ್ ಜಾಕೆಟ್ಟಿನ ಮೇಲೆ ಲೇಸ್ ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ನಿಮ್ಮ ಬಳಿ ಇರುವುದು ಅಂಥದೇ ಜಾಕೆಟ್ ಆದರೆ ಅದರ ಪಾಡಿಗೆ ಅದು ಮಳೆ ತಡೆಯಲಿ.

ಲೇಸ್ ಎಂದರೆ ದಾರದಿಂದ ಕಟ್ಟಿದ ತೂತುಗಳು, ಆ ತೂತುಗಳಲ್ಲಿ ಕಾಣುವುದು ಕೆಳಗಿನ ಬಟ್ಟೆ. ಹೀಗಾಗಿ ಲೇಸ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಅದರ ಕೆಳಗೆ ಏನಿದೆ ಎಂಬುದೇ ಹೆಚ್ಚು ಮುಖ್ಯ. ಕೆಳಗಿನ ಬಟ್ಟೆಗೆ ತನ್ನದೇ ಚೌಕಳಿಯೋ, ಹೊಳಪೋ, ಜಡೆಯಂತೆ ಎದ್ದು ಕಾಣುವ ಹೆಣಿಗೆಯೋ ಇದ್ದರೆ ಲೇಸಿನ ಹೂ ಯಾವುದು, ಸ್ವೆಟರಿನ ಎಳೆ ಯಾವುದು ಎಂದು ತಿಳಿಯದೆ ಎಲ್ಲವೂ ಕಲಸಿಹೋಗುತ್ತದೆ. ಹೊಳಪಿಲ್ಲದ, ಒಂದೇ ಬಣ್ಣದ, ತುಸು ದಪ್ಪನೆಯ ಉಣ್ಣೆ ಇದಕ್ಕೆ ಹೇಳಿ ಮಾಡಿಸಿದ ನೆಲ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿಯ ಸಣ್ಣ ಎಳೆಯೂ ದೂರದಿಂದ ಕಾಣುವುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ 17ನೆಯ ಶತಮಾನದ ಡಚ್ ಭಾವಚಿತ್ರಗಳಲ್ಲಿಯೂ ಕಾಣುವುದು ಇದೇ: ಗಂಡಸರೂ ಹೆಂಗಸರೂ ಕಪ್ಪು ಉಡುಪು ತೊಟ್ಟು, ಕತ್ತಿಗೂ ಮುಂಗೈಗೂ ಮಾತ್ರ ಬಿಳಿಯ ಲೇಸ್ ಇಟ್ಟುಕೊಂಡಿದ್ದಾರೆ. ನಮ್ಮ ಕಾಲದ ಉದಾಹರಣೆ ಬೇಕಿದ್ದರೆ, 1993ರಿಂದ 2020ರವರೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಚಿತ್ರಗಳನ್ನು ನೋಡಿ. ಆ ಕಪ್ಪು ನಿಲುವಂಗಿಯ ಮೇಲಿನ ಲೇಸ್ ಕಾಲರನ್ನು ಯಾರೂ ವೇಷವೆನ್ನಲಿಲ್ಲ.

ನಿಮ್ಮ ಮೂರು ವಸ್ತುಗಳಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಅಜ್ಜಿಯ ಕಾಲರನ್ನು. ದುಂಡು ಕತ್ತಿನ, ಸಣ್ಣ ಹೆಣಿಗೆಯ ಉಣ್ಣೆ ಸ್ವೆಟರ್ ಒಂದನ್ನು ಕಡುನೀಲಿ, ಇದ್ದಿಲು ಬಣ್ಣ ಅಥವಾ ಬಾಟಲಿ ಹಸಿರಿನಲ್ಲಿ ಕೊಂಡುಕೊಳ್ಳಿ. ಕತ್ತು ಪೂರ್ತಿ ಮುಚ್ಚುವ ಸ್ವೆಟರಿನ ಮೇಲೆ ಕಾಲರ್ ಇಟ್ಟರೆ ಕತ್ತಿನ ಸುತ್ತ ಎರಡು ಗೋಡೆ ಕಟ್ಟಿದಂತಾಗುತ್ತದೆ. ಕಾಲರಿನ ಒಳಅಂಚು ಸ್ವೆಟರಿನ ಕತ್ತಿನ ಪಟ್ಟಿ ಹೊಲಿದಿರುವ ಗೆರೆಯ ಮೇಲೆಯೇ ಕೂರಬೇಕು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಕಾಲರನ್ನು ಸುತ್ತಲೂ ಬಿಗಿಯಾಗಿ ಹೊಲಿದುಬಿಡುವುದು. ತಲೆಯ ಮೂಲಕ ತೂರಿಸುವಾಗ ಸ್ವೆಟರ್ ಹಿಗ್ಗುತ್ತದೆ, ಹತ್ತಿ ದಾರದ ಲೇಸ್ ಅಷ್ಟು ಹಿಗ್ಗುವುದಿಲ್ಲ, ಆದ್ದರಿಂದ ಮೊದಲ ವಾರದಲ್ಲಿಯೇ ಒಂದು ಕಡೆ ದಾರ ಕಡಿಯುತ್ತದೆ. ಕಾಲರಿನ ಹಿಂಬದಿಯನ್ನು ತೆರೆದಿಟ್ಟು ಅಲ್ಲಿ ಒಂದು ಸಣ್ಣ ಹುಕ್ಕು ಹಾಕಿಸಿ, ಸ್ವೆಟರ್ ತೊಟ್ಟ ಮೇಲೆ ಕಾಲರನ್ನು ಕಟ್ಟಿಕೊಳ್ಳುವುದು ಸರಿಯಾದ ಕ್ರಮ. ಜಾರುತ್ತದೆ ಎನಿಸಿದರೆ ಎರಡೂ ಭುಜದ ಮೇಲೆ ಮತ್ತು ಮುಂದೆ ನಡುವೆ, ಹೀಗೆ ಮೂರೇ ಕಡೆ, ಲೇಸಿನ ದಟ್ಟವಾದ ಭಾಗ ನೋಡಿ ಒಳಗಿನಿಂದ ಸಣ್ಣ ಸೇಫ್ಟಿ ಪಿನ್ ಹಾಕಿ. ಭಾರವಾದ ಬ್ರೋಚ್ ಬೇಡ. ಅದರ ತೂಕಕ್ಕೆ ಎಳೆಗಳು ಜಗ್ಗುತ್ತವೆ. ಕಾಲರ್ ತೊಟ್ಟ ದಿನ ಜುಮುಕಿಯನ್ನೂ ಬಿಡಿ. ಅಂದದ ದೃಷ್ಟಿಯಿಂದ ಬೇಕಾದರೆ ವಾದ ಮಾಡಬಹುದು, ಆದರೆ ಜುಮುಕಿಯ ಕೊಂಡಿ ಲೇಸಿಗೆ ಸಿಕ್ಕಿಕೊಂಡಾಗ ಕತ್ತು ತಿರುಗಿಸಲಾಗದೆ ಬಸ್ಸಿನಲ್ಲಿ ಕುಳಿತ ಅನುಭವ ನನಗಿದೆ.

ಅಚ್ಚ ಬಿಳಿ ಲೇಸ್ ಕಡು ಬಣ್ಣದ ಉಣ್ಣೆಯ ಮೇಲೆ ಕೆಲವೊಮ್ಮೆ ಕಣ್ಣಿಗೆ ಹೊಡೆಯುತ್ತದೆ, ನಮ್ಮಂಥ ಗೋಧಿ ಮೈಬಣ್ಣಕ್ಕೆ ಕೆನೆಬಿಳುಪೇ ಹೆಚ್ಚು ಒಪ್ಪುತ್ತದೆ. ಹತ್ತಿಯ ಲೇಸಿಗೆ ಈ ಬಣ್ಣವನ್ನು ಮನೆಯಲ್ಲಿಯೇ ತರಿಸಬಹುದು: ಹಾಲಿಲ್ಲದ ಚಹಾವನ್ನು ಸೋಸಿ ಆರಿಸಿ, ತೊಯ್ಸಿದ ಲೇಸನ್ನು ಅದರಲ್ಲಿ ಕೆಲವು ನಿಮಿಷ ಮುಳುಗಿಸಿ ತೆಗೆದು ತಣ್ಣೀರಿನಲ್ಲಿ ಜಾಲಿಸಿದರೆ ಸಾಕು. ಒದ್ದೆಯಿದ್ದಾಗ ಕಾಣುವುದಕ್ಕಿಂತ ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ. ಪಾಲಿಯೆಸ್ಟರ್ ಲೇಸಿಗೆ ಚಹಾ ಹಿಡಿಯುವುದಿಲ್ಲ. ಅಜ್ಜಿಯ ಕಾಲರನ್ನು ನೇರವಾಗಿ ಅದ್ದುವ ಮುನ್ನ ಅದೇ ದಾರದ ಒಂದು ತುಣುಕನ್ನು ಅದ್ದಿ ನೋಡುವುದು ಕ್ಷೇಮ.

ಇನ್ನು ಸ್ಕಾರ್ಫ್. ನೈಲಾನ್ ಲೇಸ್ ಬೆಚ್ಚಗಿಡುವುದಿಲ್ಲ. ಸಾಲದೆಂಬಂತೆ, ಹೀಟರಿನಿಂದ ಒಣಗಿದ ಕೋಣೆಯ ಗಾಳಿಯಲ್ಲಿ ಉಣ್ಣೆಗೆ ಉಜ್ಜಿ ವಿದ್ಯುದಾವೇಶ ಹುಟ್ಟಿ ಕೂದಲಿಗೂ ಕೆನ್ನೆಗೂ ಅಂಟುತ್ತದೆ. ಅದನ್ನು ಒಂಟಿಯಾಗಿ ಸುತ್ತಿಕೊಳ್ಳದೆ, ತೆಳುವಾದ ಒಂದು ಉಣ್ಣೆಯ ಮಫ್ಲರನ್ನು ಹಾಸಿ, ಅದರ ಮೇಲೆ ಲೇಸನ್ನು ಹರಡಿ, ಎರಡನ್ನೂ ಸೇರಿಸಿ ಉದ್ದಕ್ಕೆ ಮಡಚಿ ಒಂದೇ ವಸ್ತುವೆಂಬಂತೆ ಕಟ್ಟಿಕೊಳ್ಳಿ. ಮಫ್ಲರ್ ಬೆಚ್ಚಗಿಡುತ್ತದೆ, ಲೇಸಿಗೆ ನೆಲವೂ ಆಗುತ್ತದೆ. ತುದಿಗಳನ್ನು ಜೋತುಬಿಡಬೇಡಿ. ಇದಕ್ಕೆ ಹಳೆಯದೊಂದು ಉಪಾಯವಿದೆ. 1692ರಲ್ಲಿ ಇಂದಿನ ಬೆಲ್ಜಿಯಮ್ಮಿನಲ್ಲಿರುವ ಸ್ಟೀನ್‌ಕೆರ್ಕ್ ಎಂಬಲ್ಲಿ ನಡೆದ ಕದನದಲ್ಲಿ, ಹಠಾತ್ತನೆ ದಾಳಿಗೊಳಗಾದ ಫ್ರೆಂಚ್ ಅಧಿಕಾರಿಗಳು ಕತ್ತಿನ ಲೇಸ್ ವಸ್ತ್ರವನ್ನು ಕಟ್ಟಿಕೊಳ್ಳಲು ಪುರುಸೊತ್ತಿಲ್ಲದೆ ಸಡಿಲವಾಗಿ ಹುರಿಮಾಡಿ ತುದಿಯನ್ನು ಕೋಟಿನ ಗುಂಡಿಯ ಕಾಜಕ್ಕೆ ತೂರಿಸಿಕೊಂಡು ಓಡಿದರೆಂದು ಪ್ರತೀತಿ. ಆ ಬಗೆಗೆ ಸ್ಟೀನ್‌ಕರ್ಕ್ ಎಂದೇ ಹೆಸರಾಗಿ, ಆಮೇಲೆ ಗಂಡಸರೂ ಹೆಂಗಸರೂ ಹಾಗೆ ತೊಡಲಾರಂಭಿಸಿದರು. ಉಣ್ಣೆಯ ಕೋಟಿನ ಮೇಲಿನ ಕಾಜಕ್ಕೆ ಸ್ಕಾರ್ಫಿನ ತುದಿಯನ್ನು ಹೀಗೆ ತೂರಿಸಿದರೆ ಲೇಸಿನ ಸ್ವಲ್ಪವೇ ಭಾಗ ಎದೆಯ ಮೇಲೆ ಕಾಣುತ್ತದೆ, ಗಾಳಿಗೂ ಹಾರುವುದಿಲ್ಲ, ಜಿಪ್ಪಿಗೂ ಸಿಗುವುದಿಲ್ಲ. ಜಿಪ್ಪಿಗಿಂತ ದೊಡ್ಡ ವೈರಿ ಮಳೆಕೋಟಿನ ವೆಲ್ಕ್ರೋ ಪಟ್ಟಿ. ನನ್ನ ಮೊದಲ ಸ್ಕಾರ್ಫ್ ಅದಕ್ಕೆ ಅಂಟಿ, ಬಿಡಿಸುವ ಅವಸರದಲ್ಲಿ ಗೇಣುದ್ದ ಹರಿಯಿತು. ಭುಜಕ್ಕೆ ತಗುಲಿಸುವ ಚೀಲದ ಪಟ್ಟಿ ಉಜ್ಜುವ ಕಡೆಯೂ ಲೇಸ್ ಇರಬಾರದು.

ಲೇಸ್ ಎಂದೊಡನೆ ಹತ್ತಿ, ರೇಷ್ಮೆ, ನೈಲಾನ್ ಮಾತ್ರ ನೆನಪಾಗುವುದು ನಮ್ಮ ಬೆಚ್ಚಗಿನ ನಾಡಿನ ರೂಢಿ. ಚಳಿಯ ನಾಡಿನವರು ಉಣ್ಣೆಯಲ್ಲಿಯೇ ಲೇಸ್ ಹೆಣೆದಿದ್ದಾರೆ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅದರಲ್ಲಿದೆ ಎಂಬುದು ನನ್ನ ಎಣಿಕೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ, ಅದರಲ್ಲಿಯೂ ತುತ್ತತುದಿಯ ಉನ್ಸ್ಟ್ ದ್ವೀಪದಲ್ಲಿ, ಅಲ್ಲಿನ ಕುರಿಗಳ ಅತಿ ಮೃದುವಾದ ಉಣ್ಣೆಯನ್ನು ಕೂದಲೆಳೆಯಷ್ಟು ಸಣ್ಣಗೆ ನೂತು ಹೆಣೆಯುವ ಶಾಲುಗಳು ಎಷ್ಟು ತೆಳುವೆಂದರೆ, ಹಾಸಿದರೆ ಇಡೀ ಮೈ ಹೊದೆಯುವಷ್ಟಿರುವ ಶಾಲು ಮದುವೆಯ ಉಂಗುರದೊಳಗೆ ತೂರಿ ಹೊರಬರುತ್ತದೆ. ರಷ್ಯಾದ ಒರೆನ್‌ಬರ್ಗಿನವರು ಆಡಿನ ಒಳರೋಮದಿಂದ, ಎಸ್ಟೋನಿಯಾದ ಹಾಪ್ಸಲುವಿನವರು ಕುರಿಯ ಉಣ್ಣೆಯಿಂದ ಇಂಥದೇ ಶಾಲುಗಳನ್ನು ಮಾಡುತ್ತಾರೆ. ತೂತುಗಳಿದ್ದೂ ಇವು ಬೆಚ್ಚಗಿರುವುದಕ್ಕೆ ಕಾರಣ, ಗುಂಗುರಾದ ಉಣ್ಣೆಯ ಎಳೆಗಳು ತಮ್ಮ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು; ಅದರ ಮೇಲೊಂದು ಕೋಟು ಬಂದರೆ ಆ ಗಾಳಿ ಅಲ್ಲಿಯೇ ಉಳಿಯುತ್ತದೆ. ಕೈಹೆಣಿಗೆಯ ಶಾಲು ವಿದ್ಯಾರ್ಥಿಯ ಕೈಗೆಟುಕುವ ಬೆಲೆಯದಲ್ಲ. ಆದರೆ ಯಂತ್ರದಲ್ಲಿ ಹೆಣೆದ ಉಣ್ಣೆಯ ಲೇಸ್ ಸ್ಕಾರ್ಫುಗಳು ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ನನ್ನದು ಅಲ್ಲಿಯೇ ಸಿಕ್ಕಿದ್ದು, ಆರು ವರ್ಷದಿಂದ ಬಾಳುತ್ತಿದೆ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತಿಕ್ಕದೆ ಅದ್ದಿ, ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿದ ಬಟ್ಟೆಯ ಮೇಲೆ ಅಂಚುಗಳನ್ನು ಎಳೆದು ಪಿನ್ ಚುಚ್ಚಿ ಒಣಗಿಸಬೇಕು. ಹಾಗೆ ಮಾಡದಿದ್ದರೆ ತೂತುಗಳು ಮುಚ್ಚಿಕೊಂಡು ಲೇಸ್ ಹೋಗಿ ಒರೆಸುವ ಬಟ್ಟೆ ಆಗುತ್ತದೆ.

ಕೈಗವಸುಗಳ ಬಗ್ಗೆ ಹೆಚ್ಚು ಆಸೆ ಹುಟ್ಟಿಸಲಾರೆ. ಲೇಸ್ ಕೈಗವಸು ಬೆರಳಿಗೆ ಚಳಿ ತಾಗದಂತೆ ತಡೆಯುವುದಿಲ್ಲ. ತೆಳುವಾದ, ಮೈಗಂಟುವ ಉಣ್ಣೆಯ ಕೈಗವಸನ್ನು ಕೆಂಗಂದು ಅಥವಾ ಬೂದು ಬಣ್ಣದಲ್ಲಿ ಕೊಂಡು, ಅದರ ಮೇಲೆ ನಿಮ್ಮ ಕಪ್ಪು ಲೇಸನ್ನು ತೊಟ್ಟರೆ ಚಿತ್ತಾರ ಚೆನ್ನಾಗಿ ಕಾಣುತ್ತದೆ, ಆದರೆ ಲೇಸ್ ತುಸು ಹಿಗ್ಗುವಂಥದ್ದಾಗಿರಬೇಕು. ಇದೇ ಯುಕ್ತಿ ಕಾಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ: 80 ಡೆನಿಯರಿನ ಗಟ್ಟಿ ಬಣ್ಣದ ಉದ್ದ ಕಾಲುಚೀಲದ ಮೇಲೆ ಕಪ್ಪು ಲೇಸಿನದನ್ನು ಏರಿಸಿದರೆ ಚಳಿಯೂ ತಡೆಯುತ್ತದೆ. ಡೆನಿಯರ್ ಎಂದರೆ 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಚೀಲ ದಪ್ಪ.

ಹೊರಡುವ ಮುನ್ನ ಒಂದು ಕೆಲಸ ಮಾಡಿ. ಕಾಲರನ್ನು ಮಡಚದೆ ಹಳೆಯ ಹತ್ತಿಯ ಬಟ್ಟೆಯ ಜೊತೆ ಸುರುಳಿ ಸುತ್ತಿಡಿ, ಅಜ್ಜಿಯ ಬಳಿ ಅದೇ ದಾರದ ಉಂಡೆ ಉಳಿದಿದ್ದರೆ ಅದನ್ನೂ ಕೇಳಿ ಜೊತೆಗೆ ತನ್ನಿ. ಕಾಲರನ್ನು ಚಹಾದಲ್ಲಿ ಅದ್ದುವುದಾದರೆ ಆ ದಾರದಲ್ಲಿ ಸ್ವಲ್ಪವನ್ನು ಅದರೊಂದಿಗೇ ಅದ್ದಿ. ಬಿಚ್ಚಿದ ಎಳೆಯನ್ನು ಕ್ರೋಶಾ ಕಡ್ಡಿಯಲ್ಲಿ ಹಿಡಿದು ನಾಲ್ಕು ಕುಣಿಕೆ ಹಾಕುವಷ್ಟನ್ನು ಅವರಿಂದ ಕಲಿತುಕೊಳ್ಳಿ. ದಾರ ಇಲ್ಲಿಯೂ ಸಿಗುತ್ತದೆ, ಆದರೆ ಅದೇ ಬಿಳುಪಿನದು ನನಗೆ ಇದುವರೆಗೆ ಸಿಕ್ಕಿಲ್ಲ.