ಏಪ್ರಿಲ್ ಬಿಸಿಲಿನಲ್ಲಿ ಅರಸೀಕೆರೆಯಿಂದ ಚಿಕ್ಕಮಗಳೂರಿಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುಗಳನ್ನು ಲಾರಿಯಲ್ಲಿ ಒಯ್ಯುವುದು ಹೇಗೆ?

ಹೊಟ್ಟೆ ತುಂಬ ನೀರು ಕುಡಿಸಿ, ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ. ಅರ್ಧ ತಲೆನೋವು ಅಲ್ಲೇ ಮುಗಿಯಿತು. ಲಾರಿ ಓಡುವಾಗ ಗಾಳಿ ಆಡುತ್ತದೆ, ಅಪಾಯ ಇರುವುದು ನಿಂತಾಗ. ಕಡೂರಿನಲ್ಲಿ ಡ್ರೈವರ್ ಟೀಗೆ ಇಳಿದರೆ (ಇಳಿಯದೇ ಇರ್ತಾರಾ?) ಗಾಡಿ ಮರದ ನೆರಳಲ್ಲೇ ನಿಲ್ಲಲಿ. ಟಾರ್ಪಾಲು ಮೇಲೆ ಮಾತ್ರ, ಪಕ್ಕಕ್ಕೆ ಬೇಡ. 1978ರ ಪ್ರಾಣಿ ಸಾಗಣೆ ನಿಯಮದಂತೆ ಸಾಮಾನ್ಯ ಲಾರಿಗೆ ಆರಕ್ಕಿಂತ ಜಾಸ್ತಿ ದನ ತುಂಬುವಂತಿಲ್ಲ.

ಹಸು ಕತ್ತು ಚಾಚಿ, ಬಾಯಿ ತೆರೆದು ತೇಕುತ್ತಾ ಜೊಲ್ಲು ಸುರಿಸಿದರೆ ತಡ ಮಾಡಬೇಡಿ. ನೆರಳಲ್ಲಿ ನಿಲ್ಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸುಮ್ನೆ ಒದ್ದೆ ಗೋಣಿಚೀಲ ಹೊದಿಸಿ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಅದೇ ಬೆಚ್ಚಗಾಗಿ ಮೈಬಿಸಿಯನ್ನು ಒಳಗೇ ಹಿಡಿದಿಡುತ್ತದೆ.