ವಯಸ್ಸಾದ ಪಾದ: ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನನಗೆ 71 ವರ್ಷ. ಹಳೆಯ ಪಾದರಕ್ಷೆಗಳು ಬಿಗಿಯಾಗಿವೆ, ನಿಂತರೆ ಹಿಮ್ಮಡಿ ನೋಯುತ್ತದೆ, ವರ್ಷದಿಂದ ವರ್ಷಕ್ಕೆ ನಡಿಗೆ ತೂರಾಡುತ್ತಿದೆ. ಹದಿನೈದು ದಿನ ಶಾಖ ಕೊಡಿಸಿ, ಮಸಾಜ್ ಮಾಡಿಸಿದೆ. ಈ ವಯಸ್ಸಿನಲ್ಲಿ ಫಿಸಿಯೋಥೆರಪಿಯಿಂದ ಪ್ರಯೋಜನವುಂಟೇ?

ಉತ್ತರ: ಬರೀ ಶಾಖ, ಮಸಾಜನ್ನು ಫಿಸಿಯೋಥೆರಪಿ ಎಂದು ಕರೆಯುವವರಿಗೆ ಉತ್ತರಿಸಿ ಸಾಕಾಗಿದೆ. ಪಾದದ ಕಮಾನನ್ನು ಹಿಡಿದಿಟ್ಟ ಅಸ್ಥಿರಜ್ಜುಗಳು, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿಗಳು, ವರ್ಷಗಳ ಭಾರಕ್ಕೆ ಸಡಿಲಗೊಳ್ಳುವುದರಿಂದ ಪಾದ ಅಗಲವಾಗುತ್ತದೆ, ತುಸು ಉದ್ದವೂ ಆಗುತ್ತದೆ. ಹಿಮ್ಮಡಿಯಡಿಯ ಕೊಬ್ಬಿನ ಮೆತ್ತೆ ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. ಇವೆರಡನ್ನೂ ಯಾವ ವ್ಯಾಯಾಮವೂ ಹಿಂದಿನಂತೆ ಮಾಡಲಾರದು. ಅದಕ್ಕೆ ಬೆರಳುಗಳ ಬಳಿ ಅಗಲವಿರುವ, ಹಿಮ್ಮಡಿಗೆ ಮೆತ್ತೆಯಿರುವ ಪಾದರಕ್ಷೆ ಬೇಕು. ಪಾದ ಕೊಂಚ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲೇ ಅಳತೆ ನೋಡಿ ಕೊಳ್ಳಿ.

ತೂರಾಟದ ಲೆಕ್ಕ ಬೇರೆ. ಬೆರಳುಗಳ ಹಿಡಿತ ಕುಂದುವುದು, ಹರಡಿನ (ಪಾದ ಕಾಲಿಗೆ ಸೇರುವ ಗಂಟಿನ) ಕೀಲು ಬಿಗಿಯುವುದು, ಅಂಗಾಲಿನ ಸ್ಪರ್ಶಜ್ಞಾನ ಮಂಕಾಗುವುದು ಇವೆಲ್ಲ ಕೂಡಿ ನಡಿಗೆಯನ್ನು ಕೆಡಿಸುತ್ತವೆ. ಇವುಗಳಲ್ಲಿ ಸ್ನಾಯುವಿನ ಬಲವನ್ನಂತೂ ಎಪ್ಪತ್ತರ ನಂತರವೂ ಹೆಚ್ಚಿಸಬಹುದು. ನಿಮ್ಮ ಪಾದರಕ್ಷೆ ಬಿಚ್ಚಿಸದೆ, ನಡೆಸಿ ನೋಡದೆ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಪರೀಕ್ಷಿಸದೆ ನೇರವಾಗಿ ಯಂತ್ರದ ಬಳಿ ಮಲಗಿಸುವವರಿದ್ದರೆ ಎದ್ದು ಬನ್ನಿ. ಪರೀಕ್ಷೆಯ ನಂತರ ಸಾಮಾನ್ಯವಾಗಿ ನಾನು ಹೇಳಿಕೊಡುವುದು ಇಷ್ಟು: ಗಟ್ಟಿಯಾದ ಆಸರೆ ಹಿಡಿದು ಎರಡೂ ಹಿಮ್ಮಡಿಗಳನ್ನು ಎತ್ತಿ, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸುವುದು, ಎಂಟರಿಂದ ಹತ್ತು ಸಲ, ಗೋಡೆಗೆ ಕೈಯೂರಿ ಮೀನಖಂಡವನ್ನು 30 ಸೆಕೆಂಡು ಹಿಗ್ಗಿಸುವುದು, ಬೆರಳುಗಳಿಂದ ನೆಲವನ್ನು ಒತ್ತುವುದು. ಮರುದಿನವೂ ನೋವು ಉಳಿದರೆ ಸಂಖ್ಯೆಯನ್ನು ಇಳಿಸಿ. ಸ್ನಾಯು ಬಲಗೊಳ್ಳಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತರೆ ನಾನೇನೂ ಮಾಡಲಾರೆ. ಆದರೆ ಒಂದೇ ಪಾದದ ಕಮಾನು ಕುಸಿಯುತ್ತಾ ಒಳಹರಡಿನಲ್ಲಿ ನೋವಿದ್ದರೆ, ಅಥವಾ ತೂರಾಟ ಹಠಾತ್ತನೆ ಶುರುವಾದರೆ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಿರಿ.

ಪ್ರಶ್ನೆ: ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆಮುಳ್ಳು ಕಂಡಿದೆ. ಎಣ್ಣೆಯಿಂದ ಕರಗಿಸುವುದಾಗಿ ಒಬ್ಬರು ಹೇಳುತ್ತಾರೆ.

ಉತ್ತರ: ಎಣ್ಣೆಗೆ ಮೂಳೆ ಕರಗುವುದಿಲ್ಲ, ಹಣ ಕರಗುತ್ತದೆ, ಮುಳ್ಳಿದ್ದೂ ನೋವೇ ಇಲ್ಲದವರು ಬೇಕಾದಷ್ಟು ಮಂದಿ ಇದ್ದಾರೆ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದೆ. ಬಿಸಿನೀರಿನಲ್ಲಿ ಇಡಬಹುದೇ? ಆಣಿಯನ್ನು ಬ್ಲೇಡಿನಿಂದ ತೆಗೆಯಬಹುದೇ?

ಉತ್ತರ: ಎರಡೂ ಕೂಡದು. ಅಂಥ ಪಾದಕ್ಕೆ ಸುಟ್ಟದ್ದೂ ತಿಳಿಯದು, ಕೊಯ್ದದ್ದೂ ತಿಳಿಯದು.